100 ಸಲ ನಾಣ್ಯ, 60+ ಹೆಡ್ಸ್: ಎಕ್ಸೆಲ್ ಮತ್ತು ಝಡ್ ಟೇಬಲ್ ಉತ್ತರ ತಾಳೆಯಾಗುತ್ತಿಲ್ಲ

ಪಗಡೆಕಾಯಿ: ನಾಣ್ಯ 100 ಸಲ ಚಿಮ್ಮಿದರೆ 60 ಅಥವಾ ಅದಕ್ಕಿಂತ ಜಾಸ್ತಿ ಹೆಡ್ಸ್ ಬೀಳುವ ಸಂಭವನೀಯತೆ ಬೇಕು. ಸರಾಸರಿ 50, ಸ್ಟ್ಯಾಂಡರ್ಡ್ ಡೀವಿಯೇಶನ್ (ಹರಡುವಿಕೆಯ ಅಳತೆ) 5, ಝಡ್ (60 ಸರಾಸರಿಯಿಂದ ಎಷ್ಟು ಡೀವಿಯೇಶನ್ ದೂರ ಅನ್ನುವುದು) 2, ಟೇಬಲ್ ಪ್ರಕಾರ 0.0228. ಎಕ್ಸೆಲ್‌ನಲ್ಲಿ 1ರಿಂದ ಬಿನಾಮ್.ಡಿಸ್ಟ್(60, 100, 0.5, ಟ್ರೂ) ಕಳೆದರೆ 0.0176. ಅಂದಾಜು ಅಂದರೂ ಇಷ್ಟು ವ್ಯತ್ಯಾಸ ಬರಬಾರದು ಅಲ್ವಾ? ಯಾವುದು ಸರಿ?

ಗಂಟೆರೇಖೆ: ಎರಡೂ ಅಲ್ಲ. ಸರಿ ಉತ್ತರ 0.0284.

ಎಕ್ಸೆಲ್‌ದು ಸಣ್ಣ ವಿಷಯ. ಟ್ರೂ ಕೊಟ್ಟರೆ ಅದು ಸೊನ್ನೆಯಿಂದ ಹಿಡಿದು 60ನ್ನೂ ಸೇರಿಸಿಕೊಂಡು ಕೂಡುತ್ತದೆ, ಅದನ್ನು 1ರಿಂದ ಕಳೆದಾಗ ಉಳಿಯುವುದು 61 ಮತ್ತು ಮೇಲಿನದು ಮಾತ್ರ. 59 ಹಾಕಿ.

ಝಡ್ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಝಡ್ ಟೇಬಲ್ ಕೊಡುವುದು ನಾರ್ಮಲ್ ಅನ್ನುವ ಗಂಟೆಯಾಕಾರದ ರೇಖೆಯ ಕೆಳಗಿನ ವಿಸ್ತೀರ್ಣ. ಗ್ರಾಫ್ ಹಾಳೆಯಲ್ಲಿ ಒಂದೊಂದು ಎಣಿಕೆಗೂ ಒಂದೊಂದು ಕಂಬ ಬರೆಯಿರಿ, ಪ್ರತಿ ಕಂಬದ ಅಗಲ 1. ಆಗ 60ರ ಕಂಬ 59.5ರಿಂದ 60.5ರವರೆಗೆ ನಿಲ್ಲುತ್ತದೆ. ನೀವು ಸರಿಯಾಗಿ 60ಕ್ಕೆ ಗೆರೆ ಎಳೆದು ಬಲಗಡೆಯ ವಿಸ್ತೀರ್ಣ ತೆಗೆದುಕೊಂಡಿದ್ದೀರಿ, ಅಂದರೆ ಆ ಕಂಬದ ಅರ್ಧ ಭಾಗ ಆಚೆಗೇ ಉಳಿಯಿತು. ಗೆರೆಯನ್ನು 59.5ಕ್ಕೆ ಸರಿಸಿ. ಝಡ್ 1.9 ಆಗುತ್ತದೆ, ಉತ್ತರ 0.0287. '60ಕ್ಕಿಂತ ಜಾಸ್ತಿ' ಅಂತ ಕೇಳಿದ್ದರೆ ಗೆರೆ 60.5ಕ್ಕೆ. ಯಾವ ಕಂಬ ಒಳಗಿರಬೇಕು ಅಂತ ಮೊದಲು ನೋಡಿ, ಅರ್ಧ ಕೂಡಬೇಕೋ ಕಳೆಯಬೇಕೋ ತಾನಾಗಿ ಗೊತ್ತಾಗುತ್ತದೆ, ಸುಮ್ನೆ ಬಾಯಿಪಾಠ ಮಾಡಬೇಡಿ.

ಪಗಡೆಕಾಯಿ: ಸಿಕ್ಕಿತು, ಥ್ಯಾಂಕ್ಸ್! ಆದರೆ ಇದನ್ನೇ ಇನ್ನೊಂದು ಲೆಕ್ಕಕ್ಕೆ ಹಾಕಿದರೆ ಮತ್ತೆ ಕೆಟ್ಟಿತು. 100 ಬಲ್ಬ್, ಒಂದೊಂದೂ ಕೆಟ್ಟಿರುವ ಸಾಧ್ಯತೆ 2%. ಆರು ಅಥವಾ ಜಾಸ್ತಿ ಕೆಟ್ಟಿರುವ ಸಂಭವನೀಯತೆ ಬೇಕು. 5.5 ಹಾಕಿಯೇ 0.0062 ಬಂತು, ಎಕ್ಸೆಲ್ (ಈ ಸಲ 5 ಹಾಕಿ) 0.0155 ಅನ್ನುತ್ತಿದೆ.

ಗಂಟೆರೇಖೆ: ಎಕ್ಸೆಲ್ ಸರಿ. ಇಲ್ಲಿ ನಾರ್ಮಲ್ ಹಾಕಲೇಬಾರದು. ಸರಾಸರಿ ಬರೀ 2, ಸ್ಟ್ಯಾಂಡರ್ಡ್ ಡೀವಿಯೇಶನ್ 1.4. ಕಂಬಗಳೆಲ್ಲ ಸೊನ್ನೆಯ ಹತ್ತಿರ ಒತ್ತಿಕೊಂಡು, ಬಲಕ್ಕೆ ಮಾತ್ರ ಬಾಲ ಚಾಚಿರುತ್ತವೆ. ನಾರ್ಮಲ್ ರೇಖೆಗೆ ಅದು ಗೊತ್ತಿಲ್ಲ, ಎರಡೂ ಕಡೆ ಸಮನಾಗಿ ಹರಡಿ -0.5ಕ್ಕಿಂತ ಕೆಳಗೂ ಸುಮಾರು 3.7% ಇಟ್ಟುಬಿಡುತ್ತದೆ. ಮೈನಸ್ ಬಲ್ಬ್ ಎಲ್ಲಿಂದ ಬರಬೇಕು? ನಾರ್ಮಲ್ ಹಾಕಬೇಕಾದರೆ ಕೆಟ್ಟವು, ಒಳ್ಳೆಯವು ಎರಡರ ಸರಾಸರಿಯೂ ಕನಿಷ್ಠ 5 ಇರಬೇಕು ಅನ್ನುತ್ತಾರೆ, ಕೆಲವರು 10 ಕೇಳುತ್ತಾರೆ, ನನ್ನ ಓಟು 10ಕ್ಕೆ. ಟೇಬಲ್‌ನಲ್ಲೇ ಮಾಡಬೇಕು ಅಂದರೆ ಪಾಯ್ಸಾನ್ (ಅಪರೂಪದ ಘಟನೆಗಳ ಎಣಿಕೆಗೆ ಬಳಸುವ ಸೂತ್ರ) ಹಾಕಿ, ಸರಾಸರಿ 2ಕ್ಕೆ 0.0166 ಬರುತ್ತದೆ, ಎಷ್ಟೋ ಹತ್ತಿರ.

1733ರಲ್ಲಿ ಗಣಿತಜ್ಞ ಡಿ ಮಾವ್ರ್ ಈ ನಾರ್ಮಲ್ ಅಂದಾಜನ್ನು ಕೊಟ್ಟಾಗ ಒಂದೊಂದು ಎಣಿಕೆಯ ಸಂಭವನೀಯತೆಯನ್ನೂ ಕೈಯಲ್ಲೇ ಲೆಕ್ಕ ಹಾಕಿ ಕೂಡಬೇಕಿತ್ತು. ಪರೀಕ್ಷೆ ಹಾಲ್‌ನಲ್ಲಿ ನಿಮಗೂ ಅದೇ ಕಷ್ಟ, ಅಲ್ಲಿ ಇದು ಬೇಕೇ ಬೇಕು. ಎಕ್ಸೆಲ್ ಎದುರಿಗಿದ್ದಾಗ ನೇರವಾಗಿ ಬಿನಾಮ್.ಡಿಸ್ಟ್ ಬಳಸಿ.