ಗುಟ್ಟು ನಿಲ್ಲದ ಹೊಟ್ಟೆ

ಹಾಸನದ ಮಹಾರಾಜ ಪಾರ್ಕಿನಲ್ಲಿ ಸಂಜೆ ಸೇರುವ ನಮ್ಮ ಗುಂಪಿನಲ್ಲಿ ‘ಡಿಜಿಟಲ್ ಅರೆಸ್ಟ್’ನ ಮಾತು ಬಂದೊಡನೆ, ತಮ್ಮನ್ನು ಯಾವ ಕಳ್ಳನೂ ಅರ್ಧ ಗಂಟೆ ಹಿಡಿದಿಡಲಾರನೆಂದು ಮೇಷ್ಟ್ರು ಘೋಷಿಸಿದರು.

“ಅದು ಹೇಗೆ?” ಎಂದು ಸಕಲೇಶಪುರದ ಕಡೆಯ ತೋಟದ ಗೌಡರು ಕೇಳಿದರು.

“ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು ಕುಳಿತು, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆಯೆಂದು ಹೆದರಿಸಿ, ‘ಪರಿಶೀಲನೆ’ಗಾಗಿ ಹಣವನ್ನೆಲ್ಲ ತಾನು ಹೇಳಿದ ಖಾತೆಗೆ ಹಾಕಿಸಿಕೊಳ್ಳುವವನ ಮೊದಲ ಷರತ್ತೇ ‘ಯಾರಿಗೂ ಹೇಳಬೇಡಿ’ ಎಂಬುದು. ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆಯೇ?”

ಇದನ್ನು ಯಾರೂ ಅಲ್ಲಗಳೆಯಲಿಲ್ಲ. ಗೌಡರ ಸಕ್ಕರೆ ಕಾಯಿಲೆಯ ಸುದ್ದಿಯನ್ನು ಗೌಡರ ಮನೆಯವರಿಗಿಂತ ಮೊದಲು ಪಾರ್ಕಿಗೆ ಮುಟ್ಟಿಸಿದವರು ಮೇಷ್ಟ್ರೇ.

“ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ, 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೇ ಹಾಗೆಂದಿದ್ದಾರೆ,” ಎಂದರು ಬ್ಯಾಂಕಿನಿಂದ ನಿವೃತ್ತರಾದ ಮೇಡಂ.

“ಕೋಣೆ ಬಿಟ್ಟು ಏಳಬಾರದು, ಕೇಳದೆ ಎಲ್ಲಿಗೂ ಹೋಗಬಾರದು, ಎದುರು ಮಾತನಾಡಬಾರದು ಎಂಬುದು ತಾನೇ ಆ ಬಂಧನ? ನಿವೃತ್ತಿಯಾದ ಲಾಗಾಯ್ತು ನಮ್ಮ ಮನೆಯಲ್ಲಿ ಅದು ಜಾರಿಯಲ್ಲಿದೆ,” ಎಂದು ಪೋಸ್ಟ್‌ಮಾಸ್ಟರು ನಿಟ್ಟುಸಿರಿಟ್ಟರು.

ಮೇಡಂ ನಗಲಿಲ್ಲ. ನವೆಂಬರ್ ಬಂತೆಂದರೆ ಪಿಂಚಣಿದಾರರ ಜೀವನ ಪ್ರಮಾಣಪತ್ರದ ನೆಪದಲ್ಲಿ ಒಟಿಪಿ ಕೇಳುವವರಿದ್ದಾರೆ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲದಿದ್ದರೂ ಒತ್ತಿಸುವವರಿದ್ದಾರೆ. ಮದುವೆಯ ಕರೆಯೋಲೆಯೆಂದು ವಾಟ್ಸಾಪ್‌ನಲ್ಲಿ ಎಪಿಕೆ ಎಂಬ, ಆ್ಯಪ್ ಅಳವಡಿಸುವ ಕಡತ ಕಳುಹಿಸಿ ಫೋನನ್ನೇ ವಶಪಡಿಸಿಕೊಳ್ಳುವವರೂ ಇದ್ದಾರೆ ಎಂದು ವಿವರಿಸಿದರು.

ಗೌಡರು ಗಾಬರಿಯಾದರು. “ಕರೆದ ಮದುವೆಗೆ ಹೋಗದಿರುವುದು ಹೇಗೆ?”

“ಹೋಗಿ. ಆದರೆ ಅದನ್ನು ಒತ್ತುವ ಮೊದಲು ಯಾರ ಮದುವೆಯೆಂದು ಫೋನ್ ಮಾಡಿ ವಿಚಾರಿಸಿ.”

ಹಣ ಹೋದ ಮೇಲೇನು ಎಂಬುದು ಪೋಸ್ಟ್‌ಮಾಸ್ಟರ ಚಿಂತೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಹಣವು ಖಾತೆಯಿಂದ ಖಾತೆಗೆ ಜಿಗಿದು ಕಣ್ಮರೆಯಾಗುವ ಮೊದಲು ತಡೆಹಿಡಿಯುವ ಅವಕಾಶವಿರುತ್ತದೆಯೆಂದು ಮೇಡಂ ತಿಳಿಸಿದರೂ, “ಮಗನಿಗೆ ಗೊತ್ತಾದರೆ ಬೈಯುತ್ತಾನಲ್ಲ,” ಎಂದು ಅವರು ಗೊಣಗಿದರು. ಒಂದು ಗುಂಡಿ ತಪ್ಪಿ ಒತ್ತಿದ್ದಕ್ಕೆ ಅಪ್ಪನ ಬುದ್ಧಿಯನ್ನೇ ಅಳೆಯಲು ನಿಲ್ಲುವ ಮಕ್ಕಳು ಕಳ್ಳನ ಆ ಮೊದಲ ಷರತ್ತಿಗೆ ಸಂಬಳವಿಲ್ಲದ ಕಾವಲುಗಾರರು ಎಂಬುದು ನನ್ನ ಅಭಿಪ್ರಾಯ.

“ಹಾಗಾದರೆ ಅಂಥ ಕರೆ ಬಂದೊಡನೆ ಎಲ್ಲರೂ ನನಗೆ ಹೇಳಿ,” ಎಂದರು ಮೇಷ್ಟ್ರು ಉತ್ಸಾಹದಿಂದ.

“ಕರೆ ಬಂದಾಗ ನಿಮಗೇ ಹೇಳುತ್ತೇವೆ,” ಎಂದರು ಮೇಡಂ. “ಹಣ ಹೋಗಿದ್ದರೆ ಮಾತ್ರ ಮೊದಲು 1930. ನಿಮಗೆ ಫೋನ್ ಮಾಡಿದರೆ ನೀವು ಲೈನ್ ಬಿಡುವುದಿಲ್ಲ.”