ಫ್ರೋಜನ್ ಬೀನ್ಸ್ ಪಲ್ಯದಲ್ಲಿ ನೀರು ನಿಲ್ಲುತ್ತಿದೆ, ಪರಿಹಾರ ತಿಳಿಸಿ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ 8 ಗಂಟೆಯಾಗುವುದರಿಂದ, ಅನ್ನ ಸಾರಿನ ಜೊತೆಗೆ ನೆಂಚಿಕೊಳ್ಳಲು ಹೆಚ್ಚಿದ ಫ್ರೋಜನ್ ಬೀನ್ಸ್ ತಂದು ಪಲ್ಯ ಮಾಡುತ್ತಿದ್ದೇನೆ. ಬೆಳಿಗ್ಗೆಯೇ 750 ಗ್ರಾಂ ಪೊಟ್ಟಣವನ್ನು ಹೊರಗಿಟ್ಟು ಹೋಗಿ, ಸಂಜೆ ಒಗ್ಗರಣೆಗೆ ಹಾಕಿ, ಉಪ್ಪು ಮತ್ತು ಅರ್ಧ ಲೋಟ ನೀರು ಸೇರಿಸಿ, ಮುಚ್ಚಳ ಮುಚ್ಚಿ 15 ನಿಮಿಷ ಬೇಯಿಸುತ್ತೇನೆ. ನಮ್ಮ ಮನೆಯಲ್ಲಿ ತಾಜಾ ಬೀನ್ಸಿಗೆ ಇದೇ ಕ್ರಮ. ಆದರೆ ಬಾಣಲೆಯ ತಳದಲ್ಲಿ ನೀರು ನಿಂತು ಕಾಯಿತುರಿ ಅದರಲ್ಲಿ ತೇಲುತ್ತದೆ, ಹೋಳುಗಳು ಮಂಕಾಗಿ ಮೆತ್ತಗಾಗುತ್ತವೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:
ತಾಜಾ ತರಕಾರಿಯ ಕ್ರಮವನ್ನು ಇಲ್ಲಿಗೂ ಅನ್ವಯಿಸಿದ್ದೇ ತೊಂದರೆಯ ಮೂಲ. ಪೊಟ್ಟಣಕ್ಕೆ ಹೋಗುವ ಮುನ್ನವೇ ಬೀನ್ಸನ್ನು ಕುದಿನೀರಿನಲ್ಲಿ ಅಥವಾ ಹಬೆಯಲ್ಲಿ ಕೆಲವು ನಿಮಿಷ ಹಾಯಿಸಿರುತ್ತಾರೆ. ಹಾಗೆ ಮಾಡದಿದ್ದರೆ ಅದರೊಳಗಿನ ಕಿಣ್ವಗಳು ಚಳಿಯಲ್ಲಿಯೂ ನಿಧಾನವಾಗಿ ಬಣ್ಣ ಮತ್ತು ರುಚಿಯನ್ನು ಕೆಡಿಸುತ್ತವೆ. ಆದ್ದರಿಂದ ನಿಮ್ಮ ಕೈಗೆ ಬರುವುದು ಅರ್ಧ ಬೆಂದ ತರಕಾರಿ. ಜೊತೆಗೆ, ಹೆಪ್ಪುಗಟ್ಟುವಾಗ ಒಳಗಿನ ನೀರು ಮಂಜಿನ ಹರಳಾಗಿ ಕೋಶಗಳ ಗೋಡೆಯನ್ನು ಸೀಳುವುದರಿಂದ, ಕರಗಿದ ಕೂಡಲೇ ಆ ನೀರಿನಲ್ಲಿ ಒಂದಷ್ಟು ಹೊರಗೆ ಸೋರುತ್ತದೆ. ಅದರ ಮೇಲೆ ನೀವು ಇನ್ನಷ್ಟು ನೀರು ಹಾಕಿ ಮುಚ್ಚುತ್ತಿದ್ದೀರಿ. ಮುಚ್ಚಳದ ಕೆಳಗೆ ಹೆಚ್ಚು ಹೊತ್ತು ಬೆಂದರೆ ಹಸಿರು ಬಣ್ಣವೂ ಮಾಸುತ್ತದೆ.

ಪೊಟ್ಟಣವನ್ನು ದಿನವಿಡೀ ಹೊರಗಿಡುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ, ಏಕೆಂದರೆ ಕರಗಿದ ತರಕಾರಿ ಅಷ್ಟು ಹೊತ್ತು ಬೆಚ್ಚಗಿದ್ದರೆ ರೋಗಾಣುಗಳು ಬೆಳೆಯುತ್ತವೆ. ಫ್ರೀಜರಿನಿಂದ ತೆಗೆದದ್ದನ್ನು ನೇರವಾಗಿ ಒಲೆಗೆ ಹಾಕಬೇಕು. ಅಗಲವಾದ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆಯಿಲ್ಲದೆ, ಸುಮಾರು 300 ಗ್ರಾಂ ಬೀನ್ಸನ್ನು ಒಂದೇ ಪದರದಲ್ಲಿ ಹರಡಿ. ಪೊಟ್ಟಣವನ್ನು ಪೂರ್ತಿ ಸುರಿದರೆ ಬಾಣಲೆ ತಣ್ಣಗಾಗಿ, ಹುರಿಯಬೇಕಾದದ್ದು ತನ್ನದೇ ನೀರಿನಲ್ಲಿ ಕುದಿಯತೊಡಗುತ್ತದೆ. ಉರಿ ದೊಡ್ಡದಿರಲಿ, ಮುಚ್ಚಳ ಬೇಡ. ಮೊದಲು ಸುಯ್ಯೆಂದು ಹಬೆ ಏಳುತ್ತದೆ. 6-7 ನಿಮಿಷದಲ್ಲಿ ಆ ಸದ್ದು ಅಡಗಿ, ಹೋಳುಗಳ ಅಂಚಿನಲ್ಲಿ ಅಲ್ಲಲ್ಲಿ ಕಂದು ಚುಕ್ಕೆ ಕಂಡಾಗ ನೀರು ಆರಿದೆ ಎಂದು ತಿಳಿಯಿರಿ. ಉಪ್ಪು ನೀರನ್ನು ಹೊರಗೆಳೆಯುವುದರಿಂದ ಅದನ್ನು ಆಗ ಮಾತ್ರ ಹಾಕಬೇಕು. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆಯನ್ನು ಬೇರೆ ಸೌಟಿನಲ್ಲಿ ಮಾಡಿ ಮೇಲೆ ಸುರಿಯಿರಿ. ಕಾದ ಎಣ್ಣೆಗೆ ಮಂಜು ಬಿದ್ದರೆ ಕೈಮುಖಕ್ಕೆ ಸಿಡಿಯುತ್ತದೆ. ಕಾಯಿತುರಿ ಒಲೆ ಆರಿಸಿದ ಮೇಲೆ.

ಮತ್ತೊಬ್ಬರ ಉತ್ತರ:
ಮೇಲಿನ ಮಾತು ಪೂರ್ತಿ ಸರಿ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಕಾಳು ಸುಲಿದು ಫ್ರೀಜರಿನಲ್ಲಿಡುವ ನಮ್ಮ ಮನೆಯ ಅನುಭವವನ್ನು ಸೇರಿಸುತ್ತೇನೆ. ಕಾಳನ್ನು ಕುದಿನೀರಿನಲ್ಲಿ 2 ನಿಮಿಷ ಹಾಕಿ, ತಣ್ಣೀರಿಗೆ ತೆಗೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ತಟ್ಟೆಯಲ್ಲಿ ಒಂದೊಂದಾಗಿ ಹರಡಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬುತ್ತೇವೆ. ಹಾಗೆ ಮಾಡಿದರೆ ಬೇಕಾದಷ್ಟನ್ನೇ ಹಿಡಿಯಿಂದ ತೆಗೆಯಬಹುದು. ಅಂಗಡಿಯ ಪೊಟ್ಟಣವನ್ನೂ ಕೊಳ್ಳುವ ಮುನ್ನ ಕೈಯಿಂದ ಅಲುಗಿಸಿ ನೋಡಿ: ಹೋಳುಗಳು ಬಿಡಿಬಿಡಿಯಾಗಿ ಗಲಗಲಿಸಬೇಕು. ಒಂದೇ ಗಡ್ಡೆಯಾಗಿದ್ದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು, ಅದನ್ನು ಬಿಟ್ಟುಬಿಡಿ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಹೇಳಿದಂತೆಯೇ ಮಾಡಿದೆ. ತಳದಲ್ಲಿ ಒಂದು ಹನಿ ನೀರೂ ಉಳಿಯಲಿಲ್ಲ, ಕಾಯಿತುರಿ ಉದುರುದುರಾಗಿ ಹೋಳುಗಳಿಗೆ ಅಂಟಿಕೊಂಡಿತ್ತು. ಬಟಾಣಿಯನ್ನೂ ಹೀಗೆಯೇ ಹುರಿಯಬಹುದೇ?

ಉತ್ತರ:
ಬಟಾಣಿ ಬೇಗ ಬೇಯುತ್ತದೆ, 3 ನಿಮಿಷ ಸಾಕು. ಬೀನ್ಸಿನ ಜೊತೆ ಸೇರಿಸುವುದಾದರೆ ಅದರ ನೀರು ಆರಿದ ಮೇಲೆ ಹಾಕಿ.