ಔಟ್‌ಬೋರ್ಡ್ ಮೋಟಾರಿನ ಫ್ಯಾನ್ ಶಾಫ್ಟಿಗೆ ಕಚ್ಚಿಕೊಂಡರೆ ಬಿಡಿಸುವುದು ಹೇಗೆ?

ಪ್ರಶ್ನೆ (ಕುಂಬಳೆಯ ಸದಸ್ಯರು): ನಮ್ಮ ತಂದೆಯವರು ಶಿರಿಯ ಹೊಳೆಯ ಅಳಿವೆಯಲ್ಲಿ ದೋಣಿಗೆ ಕಟ್ಟಿ ಓಡಿಸುತ್ತಿದ್ದ, ಆಮೇಲೆ ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಬಿದ್ದಿದ್ದ ಔಟ್‌ಬೋರ್ಡ್ ಮೋಟಾರನ್ನು ದುರಸ್ತಿ ಮಾಡಲು ತೊಡಗಿದ್ದೇನೆ. ನಟ್ಟು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ನೂ ನಟ್ಟೂ ಬಂದವು. ಅಲ್ಯೂಮಿನಿಯಂ ಫ್ಯಾನ್ (ನೀರಿನಲ್ಲಿ ತಿರುಗಿ ದೋಣಿಯನ್ನು ತಳ್ಳುವ ಪ್ರೊಪೆಲ್ಲರ್) ಮಾತ್ರ ಕೂದಲೆಳೆಯಷ್ಟೂ ಅಲುಗುತ್ತಿಲ್ಲ. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆಯಿರಿ ಎಂದು ಒಬ್ಬರು, ಗ್ಯಾಸಿನಿಂದ ಕಾಯಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದನ್ನು ಅನುಸರಿಸಲಿ?

ಉತ್ತರ (ದೋಣಿ ಎಂಜಿನ್ ಮೆಕ್ಯಾನಿಕ್): ಶಾಫ್ಟಿನ ತುದಿಗೆ ದಯವಿಟ್ಟು ಹೊಡೆಯಬೇಡಿ. ತುದಿಯ ಮರೆ (ನಟ್ಟು ಕೂರುವ ತಿರುಪಿನ ಗೆರೆಗಳು) ಹಾಳಾಗುವುದಲ್ಲದೆ, ಪ್ರತಿ ಏಟೂ ನೇರವಾಗಿ ಗೇರ್‌ಬಾಕ್ಸಿನ ಬೇರಿಂಗಿಗೂ ಗೇರಿಗೂ ತಲುಪುತ್ತದೆ. ಫ್ಯಾನ್ ಹೋದರೆ ಇನ್ನೊಂದನ್ನು ಕೊಳ್ಳಬಹುದು, ಆದರೆ ಹಳೆಯ ಮೋಟಾರಿನ ಗೇರು ಸಿಗುವುದು ಕಷ್ಟ; ಆದ್ದರಿಂದ ಅನಿವಾರ್ಯವಾದರೆ ಫ್ಯಾನನ್ನೇ ಬಲಿಕೊಟ್ಟು ಶಾಫ್ಟನ್ನು ಉಳಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಬಗೆಯ ಫ್ಯಾನಿನ ಹೊರಗೆ ಅಲ್ಯೂಮಿನಿಯಂ, ನಡುವೆ ಒತ್ತಿ ಕೂರಿಸಿದ ರಬ್ಬರ್, ಒಳಗೆ ಶಾಫ್ಟಿನ ಹಲ್ಲುಗಳಿಗೆ ಹೊಂದುವ ಲೋಹದ ಬುಷ್ (ಕೊಳವೆಯಂಥ ಭಾಗ) ಇರುತ್ತದೆ. ಕಚ್ಚಿಕೊಂಡಿರುವುದು ಆ ಬುಷ್. ಸ್ಟೇನ್‌ಲೆಸ್ ಸ್ಟೀಲಿನ ಶಾಫ್ಟಿಗೆ ಬೇರೆ ಲೋಹ ತಾಗಿಕೊಂಡಿದ್ದು ನಡುವೆ ಉಪ್ಪುನೀರು ನಿಂತರೆ ಆ ಇನ್ನೊಂದು ಲೋಹ ಸವೆಯುತ್ತದೆ; ಸವೆದ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿದು ಹಲ್ಲುಗಳ ಸಂದಿನಲ್ಲಿ ಬಿಗಿದುಕೊಳ್ಳುತ್ತದೆ. ಎಲೆಗಳಿಗೆ ಎಷ್ಟು ಹೊಡೆದರೂ ಏಟನ್ನು ರಬ್ಬರೇ ನುಂಗಿಬಿಡುವುದರಿಂದ ಬುಷ್ ಕದಲುವುದಿಲ್ಲ, ಎಲೆ ಮಾತ್ರ ಬಾಗುತ್ತದೆ.

ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಳಚಿರಿ. ಶಾಫ್ಟಿನ ತುದಿ ಮೇಲ್ಮುಖವಾಗುವಂತೆ ಮೋಟಾರನ್ನು ಭದ್ರವಾಗಿ ನಿಲ್ಲಿಸಿ, ತುಕ್ಕು ಬಿಡಿಸುವ ಎಣ್ಣೆಯನ್ನು ಹಲ್ಲುಗಳ ಬಳಿ ಬಿಟ್ಟು, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಮರುದಿನವೂ ಹಾಗೆಯೇ ಮಾಡಿ. ಶಾಫ್ಟ್ ಅಡ್ಡವಾಗಿದ್ದರೆ ಎಣ್ಣೆ ಒಳಗೆ ಇಳಿಯದೆ ಹೊರಗೆ ಸೋರಿಹೋಗುತ್ತದೆ. ನಂತರ ಮರೆಯ ರಕ್ಷಣೆಗಾಗಿ ನಟ್ಟನ್ನು ತುದಿಗೆ ಸಮವಾಗಿ ತಿರುಗಿಸಿಟ್ಟು, ಬುಷ್ಷನ್ನೇ ಹಿಡಿದು ಎಳೆಯುವ ಪುಲ್ಲರ್ ಸಿಕ್ಕಿದರೆ ಅದನ್ನು ಬಳಸಿ. ಗೇರ್‌ಬಾಕ್ಸಿಗೂ ಫ್ಯಾನಿಗೂ ನಡುವೆ ಕಬ್ಬಿಣದ ಸಲಾಕೆ ತೂರಿಸಿ ಮೀಟಬಾರದು, ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಸೀಳಬಹುದು.

ಪ್ರಶ್ನೆ (ಅದೇ ಸದಸ್ಯರು): ಎಣ್ಣೆಯೂ ಪುಲ್ಲರೂ ಕೆಲಸ ಮಾಡಲಿಲ್ಲ. ಫ್ಯಾನಿನ ಎಲೆಗಳು ಹೇಗೂ ತುಂಡಾಗಿವೆ. ಈಗ ಕಾಯಿಸಬಹುದೇ?

ಉತ್ತರ: ಉಳಿಸಿಕೊಳ್ಳುವ ಫ್ಯಾನಾದರೆ ಬೇಡವೆನ್ನುತ್ತಿದ್ದೆ, ಏಕೆಂದರೆ ಶಾಖಕ್ಕೆ ಮೊದಲು ಕೆಡುವುದು ರಬ್ಬರ್. ನಿಮ್ಮದು ಕೆಟ್ಟ ಫ್ಯಾನಾದ್ದರಿಂದ ಆ ಚಿಂತೆಯಿಲ್ಲ. ಎಣ್ಣೆಯನ್ನು ಪೂರ್ತಿ ಒರೆಸಿ, ಪೆಟ್ರೋಲ್ ಮತ್ತು ಸೀಮೆಎಣ್ಣೆಯ ಟ್ಯಾಂಕುಗಳನ್ನು ದೂರವಿಟ್ಟು, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತು ಫ್ಯಾನಿನ ನಡುಭಾಗವನ್ನು ಹೊರಗಿನಿಂದ ಕಾಯಿಸಿ. ರಬ್ಬರ್ ಹೊಗೆಯಾಡಿ ಸಡಿಲವಾದಾಗ ಹೊರಗಿನ ಭಾಗ ಕಳಚಿಬರುತ್ತದೆ. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಕಾಏಕಿ ಕರಗಿಬಿಡುತ್ತದೆ. ಆದ್ದರಿಂದ ಜ್ವಾಲೆಯನ್ನು ಗೇರ್‌ಬಾಕ್ಸಿನ ಕಡೆಗೆ ತಿರುಗಿಸಲೇಬೇಡಿ. ತಣಿದ ಮೇಲೆ ಶಾಫ್ಟಿನಲ್ಲಿ ಉಳಿದ ಬುಷ್ಷನ್ನು ಉದ್ದಕ್ಕೆ ಗರಗಸದಿಂದ ಕೊಯ್ಯಿರಿ, ಹಲ್ಲುಗಳಿಗೆ ತಾಗುವ ಮೊದಲೇ ನಿಲ್ಲಿಸಿ, ಉಳಿದ ತೆಳು ಪದರವನ್ನು ಉಳಿಯಿಂದ ಬಿರಿಸಿ. ಶಾಖ ತಾಗಿದ ಆಯಿಲ್ ಸೀಲನ್ನು (ಗೇರ್ ಆಯಿಲ್ ಸೋರದಂತೆ ಶಾಫ್ಟಿನ ಸುತ್ತ ಕೂರುವ ಬಳೆ) ಬದಲಿಸಲೇಬೇಕು.

ಪ್ರಶ್ನೆ (ಮಂಜೇಶ್ವರದ ಸದಸ್ಯರು): ಹೊಸ ಫ್ಯಾನ್ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಹಲ್ಲುಗಳನ್ನು ಹಿತ್ತಾಳೆಯ ಬ್ರಶ್ಶಿನಿಂದ ಉಜ್ಜಿ, ನೀರು ತಡೆಯುವ ಮೆರೈನ್ ಗ್ರೀಸನ್ನು ತುಂಬ ಹಚ್ಚಿ, ಗ್ರಾಫೈಟ್ ಇರುವ ಗ್ರೀಸ್ ಸವೆತವನ್ನು ಹೆಚ್ಚಿಸುವುದರಿಂದ ಅದು ಬೇಡ. ಉಪ್ಪುನೀರಿನಲ್ಲಿ ಓಡುವ ಮೋಟಾರಿನ ಫ್ಯಾನನ್ನು ಋತುವಿಗೊಮ್ಮೆಯಾದರೂ ಕಳಚಿ ಮತ್ತೆ ಗ್ರೀಸ್ ಹಚ್ಚಬೇಕು. ಆಗಲೇ ಫ್ಯಾನಿನ ಹಿಂದೆ ಬಲೆಯ ನೈಲಾನ್ ದಾರ ಸುತ್ತಿಕೊಂಡಿದೆಯೇ ಎಂದು ನೋಡಿ, ಅದು ಸೀಲನ್ನು ಕೊಯ್ಯುತ್ತದೆ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ ಎಂದು ತಿಳಿಯಿರಿ. ಥ್ರಸ್ಟ್ ವಾಷರ್ (ಫ್ಯಾನಿಗೂ ಗೇರ್‌ಬಾಕ್ಸಿಗೂ ನಡುವೆ ಶಾಫ್ಟಿಗೆ ಕೂರುವ ಬಳೆ) ಕಳಚಿದ ದಿಕ್ಕಿನಲ್ಲೇ ಕೂರಬೇಕು, ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದಾಗಿರಬೇಕು.